ಬೆಂಕಿ ಆರಿದ ಮೇಲೆ

"ಎಂಟನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನು ಪಾರ್ಲಿಮೆಂಟ್ ಕಮಿಟಿಗೆ ಡೇಟ್ ಕೊಡ್ತಾನಂತೆ ಕಣ್ರಪ್ಪಾ!" ಬೆಳೆಗಾರರ ಸಂಘದ ಅಧ್ಯಕ್ಷ ಸಣ್ಣೇಗೌಡರು ಮೈಕಿನಲ್ಲೇ ನಕ್ಕರು. ಈ ತಿಂಗಳೇ ಮೈಸೂರಿನಲ್ಲಿ ನಡೆಸಬೇಕೆಂದಿದ್ದ ತಂಬಾಕು ತೆರಿಗೆ ಮಸೂದೆಯ ವಿಚಾರಣೆಗೆ ದಿನ ಗೊತ್ತುಮಾಡಲು ಪಿರಿಯಾಪಟ್ಟಣದಲ್ಲಿ ಕರೆದ ಸಭೆ ಅದು.

ದಿನ ಬದಲಿಸಿ ಎಂದು ಎದ್ದು ನಿಂತಿದ್ದ ಸಣ್ಣ ಬೆಳೆಗಾರ ಚಂದು ಕೂರಲಿಲ್ಲ. "ಈ ತಿಂಗ್ಳು ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಬೆಂಕಿ ಬುಟ್ಟು ಮೈಸೂರಿಗೆ ಯಾರ್ ಬತ್ತಾರೆ ಮೇಡಂ? ಆಗ ನಮ್ ಪರವಾಗಿ ಈ ಗೌಡ್ರೊಬ್ರೇ ಮಾತಾಡ್ತಾರೆ, ಅಷ್ಟೇಯಾ."

ಸಮಿತಿಯ ಅಧಿಕಾರಿ ಸಭೆಯತ್ತ ತಿರುಗಿದರು. "ದಿನ ಮುಂದೆ ಹಾಕಬೇಕು ಅನ್ನುವವರು ಕೈ ಎತ್ತಿ."

ಮೊದಲು ಎದ್ದದ್ದು ಹೊಲದಿಂದ ನೇರ ಬಂದಿದ್ದ ಬೆಳೆಗಾರ್ತಿ ಸುನಂದಮ್ಮನ ಕೈ. ಸೊಪ್ಪು ಮುರಿದ ಅಂಟಿನಿಂದ ಅದು ಕಪ್ಪಾಗಿತ್ತು. ನೋಡನೋಡುತ್ತ ಸಭೆಯ ತುಂಬ ಕಪ್ಪು ಕೈಗಳು. ಗೌಡರ ಬೆಳ್ಳನೆಯ ಕೈಯೊಂದೇ ಮೈಕ್ ಹಿಡಿದು ಉಳಿಯಿತು.

"ಬೆಂಕಿ ಆರಿದ ಮೇಲೆ, ಇಲ್ಲೇ ನಡೆಸೋಣ," ಎಂದರು ಅಧಿಕಾರಿ.

"ಲೋ ಚಂದು, ಇಬ್ರೂ ಸೇರ್ಕಂಡೇ ಮಾತಾಡಣ, ಬಾರ್ಲಾ!" ಗೌಡರು ಕರೆದರು. ಚಂದು ತನ್ನ ಬ್ಯಾರನ್ ಕಡೆ ನಡೆದ.