ದಪ್ಪ ಪುಸ್ತಕ, ತೆಳು ಪುಸ್ತಕ

"ವೆಂಕಟರಾಮಪ್ನೋರೇ, ಹೆಣ್ಮಕ್ಕಳ ಪಾಲಿನ ಕಾನೂನು ಇರೋ ಪುಸ್ತಕ ಕೊಡಿ, ಬೇಗ!"

ಪೆರೇಸಂದ್ರದ ಬಸ್ಸಿಳಿದವಳೇ ಮಂಗಮ್ಮ ಚಿಕ್ಕಬಳ್ಳಾಪುರದ ಪುಸ್ತಕದಂಗಡಿಗೆ ಓಡಿಬಂದಿದ್ದಳು. ಎದುರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಣ್ಣ ನಲ್ಲಪ್ಪ ಕಾಯುತ್ತಿದ್ದ. ಹೋದ ವರ್ಷ ಉಯಿಲು ಬರೆಯದೇ ತೀರಿಕೊಂಡ ಅಪ್ಪ ಸ್ವಂತ ದುಡಿದು ಕೊಂಡಿದ್ದ ಆಲೂಗಡ್ಡೆ ಹೊಲ. ತಾಯಿಯೂ ಇಲ್ಲದ ಇಬ್ಬರೇ ಮಕ್ಕಳು. ಆ ಹೊಲದಲ್ಲಿ ತನಗೇನೂ ಬೇಡವೆಂದು ಅವಳು ಹನ್ನೊಂದು ಗಂಟೆಗೆ ಸಹಿ ಹಾಕಬೇಕಿತ್ತು. ಹೆಣ್ಣುಮಕ್ಕಳಿಗೂ ಪಾಲು ಕೊಡುವ ಹೊಸ ಕಾನೂನು ಐವತ್ತಾರನೇ ಇಸವಿಯಲ್ಲೇ ಬಂದಿದೆಯೆಂದು ಬಸ್ಸಿನಲ್ಲಿ ಪಕ್ಕ ಕೂತಿದ್ದ ಟೀಚರಮ್ಮ ಹೇಳಿದ್ದರು.

ವೆಂಕಟರಾಮಪ್ಪ ಎರಡು ಪುಸ್ತಕ ತೆಗೆದಿಟ್ಟರು. ಒಂದು, ವಕೀಲರು ಕೊಳ್ಳುವ ಇಂಗ್ಲಿಷಿನದು, ಇಟ್ಟಿಗೆಯಷ್ಟು ದಪ್ಪ. ಇನ್ನೊಂದು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಬರೆದ ತೆಳು ಪುಸ್ತಕ. "ನಿಂಗೆ ಇದೇ ಸರಿ ಕಣಮ್ಮ," ಎಂದು ತೆಳುವಾದುದನ್ನು ಸರಿಸಿ, ಕೂರಲು ತಮ್ಮ ಸ್ಟೂಲನ್ನೇ ಬಿಟ್ಟುಕೊಟ್ಟರು.

ಮಂಗಮ್ಮ ಬೆರಳಿಟ್ಟು ಓದಿದಳು. ಅಪ್ಪ ಉಯಿಲು ಬರೆಯದೆ ಸತ್ತರೆ ಅವನ ಸ್ವಯಾರ್ಜಿತದಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಮತ್ತೆ ಓದಿದಳು.

"ಕಟ್ಟಿಕೊಡ್ಲಾ?"

"ಬ್ಯಾಡಿ. ಇದು ನಂಗೆ ಅರ್ಥವಾಯ್ತು. ನಮ್ಮಣ್ಣ ಇದನ್ನ ನೋಡಿದ್ರೆ ಪಂಚಾಂಗ ಅಂತಾನೆ. ಆ ದಪ್ಪದ್ದು ಕೊಡಿ!"

"ಅದ್ರಲ್ಲಿ ಒಂದಕ್ಷರ ನಿಂಗೆ ಬರಲ್ವಲ್ಲಮ್ಮ!"

"ಓದ್ಬೇಕಾದೋರು ಅಲ್ಲಿ ಕಚೇರಿ ಹತ್ರ ಅವ್ರೆ."

ವೆಂಕಟರಾಮಪ್ಪ ಗೊಳ್ಳೆಂದು ನಕ್ಕರು. ಪುಟ ಹುಡುಕಿ ಚೀಟಿ ಇಟ್ಟರು. "ಕೊಳ್ಳೋದೇನೂ ಬ್ಯಾಡ, ಕೆಲಸ ಆದ್ಮೇಲೆ ತಂದ್ಕೊಡು," ಎಂದವರು, ಭಾರವೆಂದು ತಾವೇ ಹೊತ್ತು ರಸ್ತೆ ದಾಟಿಸಿದರು.

ಕಚೇರಿಯ ಜಗಲಿಯಲ್ಲಿ ಪತ್ರ ಬರೆಯುವ ಮುನಿಶಾಮಪ್ಪ ಕಾಗದ ಸಿದ್ಧಮಾಡಿದ್ದರು. ನಲ್ಲಪ್ಪನ ಕೈಯಲ್ಲಿ ಹಸಿರು ಸೀರೆ, ಅರಿಶಿನ ಕುಂಕುಮ. ಪಾಲು ಬಿಟ್ಟುಕೊಟ್ಟ ತಂಗಿಗೆ ಮಡಿಲು ತುಂಬುವುದು ರೂಢಿ. ಮಂಗಮ್ಮ ಪುಸ್ತಕವನ್ನು ಕಾಗದದ ಮೇಲೆಯೇ ಇಟ್ಟಳು.

"ಸಾಮಿ, ಚೀಟಿ ಇಟ್ಟಿರೋ ಕಡೆ ಓದಿ ನಮ್ಮಣ್ಣಂಗೆ ಹೇಳಿ."

"ಎಲ್ಲಿಂದ ತಂದ್ಯೇ ಈ ಇಟ್ಟಿಗೇನ?" ನಲ್ಲಪ್ಪ ಗದರಿದ.

ಮುನಿಶಾಮಪ್ಪ ಕನ್ನಡಕ ಏರಿಸಿ ಓದಿದರು. ತುಟಿಯಲ್ಲೇ ಇನ್ನೊಮ್ಮೆ ಓದಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

"ಅರ್ಧ ಹೊಲ ಇವಳದೇ ಕಣಪ್ಪ ನಲ್ಲಪ್ಪ. ಕೊಡೋದು ಬಿಡೋದು ಇವಳಿಷ್ಟ."

ನಲ್ಲಪ್ಪ ಮೆಲ್ಲಗೆ ಸೀರೆಯನ್ನು ಕಂಕುಳಿಗೆ ಸೇರಿಸಿದ.

"ಕೊಡಣ್ಣ ಅದನ್ನ," ಮಂಗಮ್ಮ ಮಡಿಲೊಡ್ಡಿದಳು. "ನಾಳೆ ಉಟ್ಕೊಂಡೇ ನಮ್ಮ ಹೊಲಕ್ಕೆ ಬರ್ತೀನಿ."