ಕೂಗದ ಅಲಾರಂ

“ಕೇಳಿಸ್ತಾ?” ಕೀಲಿಯ ಗುಂಡಿ ಒತ್ತಿ ಕೇಳಿದರು ಕಾರಿನ ಯಜಮಾನರು.

ಎರಡೇ ಬಾಗಿಲಿನ ಆ ದುಬಾರಿ ಕಾರಿನ ದೀಪಗಳು ಎರಡು ಸಲ ಮಿಟುಕಿದವು. ಸ್ಪೀಕರ್ ಅಂಗಡಿಯ ಮೇಸ್ತ್ರಿ ಬಾನೆಟ್ಟಿನ ಮೇಲೆ ಬಗ್ಗಿ, ತಲೆ ಓರೆ ಮಾಡಿ ಆಲಿಸಿದ. “ಇಲ್ಲ ಸಾರ್.”

“ಅದೇ ನಾನೂ ಬಡ್ಕೊಳ್ತಿರೋದು! ತಗೊಂಡಾಗ ಬಾಗಿಲು ಹಾಕಿದ್ರೆ ಪಿಕ್ ಪಿಕ್ ಅಂತಿತ್ತು. ಈಗ ಸದ್ದೇ ಇಲ್ಲ. ಕಂಪನಿಯವನನ್ನ ಕೇಳಿದ್ರೆ ಸರಿಯಾಗೇ ಇದೆ ಸಾರ್ ಅಂತಾನೆ. ಮನೇಲಿ ನಮ್ಮವಳು, ಕಾರು ಆಮೇಲಾಯ್ತು, ಮೊದ್ಲು ನಿಮ್ಮ ಕಿವಿ ತೋರಿಸ್ಕೊಳ್ಳಿ ಅಂತಾಳೆ. ಹೇಗಿದೆ ವರಸೆ!”

ಸ್ಪೀಕರಿನದೂ ಅದೇ ಗೋಳು. ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಕಾಲೇಜು ದಿನಗಳ ಹಾಡೊಂದನ್ನು ಹಾಕಿದರು. “ಇದರಲ್ಲಿ ಕೊಳಲು ಇತ್ತು ಕಣಯ್ಯಾ. ಎಲ್ಲಿ ಹೋಯ್ತು ಹೇಳು?”

ಮೇಸ್ತ್ರಿ ಬಾಗಿಲಿಗೆ ಅಂಗೈ ಒತ್ತಿ ಹಿಡಿದ. ತಾಳ ಅಂಗೈಗೆ ಬಡಿಯುತ್ತಿತ್ತು. ಗಾಯಕನ ದನಿ ಅಷ್ಟಿಷ್ಟು ಸಿಕ್ಕಿತು. “ಕೊಳಲೇ ಇಲ್ಲ ಸಾರ್,” ಎಂದ, ಎಳ್ಳಷ್ಟೂ ಸುಳ್ಳಿಲ್ಲದೆ.

ಯಜಮಾನರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ಕಿವಿ ಅಂದ್ರೆ ಇದು! ಎಲ್ಲಾ ಕಿತ್ತು ಹೊಸದು ಹಾಕು. ಈ ಹಳೇ ಸ್ಪೀಕರೂ ಬೇಡ, ಆ ಹಳೇ ಅಲಾರಮ್ಮೂ ಬೇಡ. ಸಂಜೆ ಬರ್ತೀನಿ.”

ಕಿವಿಯಂತೆ ಕಿವಿ! ಮೂವತ್ತು ವರ್ಷ ಕಾರುಗಳೊಳಗೆ ತಲೆಯಿಟ್ಟು, ಇನ್ನೂ ಜೋರು, ಇನ್ನೂ ಜೋರು ಎಂದವರಿಗೆಲ್ಲ ಜೋರು ಮಾಡಿಕೊಟ್ಟು, ಎರಡು ವರ್ಷದಿಂದ ಮೇಸ್ತ್ರಿಗೆ ಕೀರಲು ಸದ್ದುಗಳೇ ಕೇಳಿಸುತ್ತಿರಲಿಲ್ಲ. ಎದುರಿಗೆ ನಿಂತು ಆಡಿದ ಮಾತು ಪರವಾಗಿಲ್ಲ, ದಪ್ಪ ದನಿ ಸಿಗುತ್ತಿತ್ತು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಗಿರಾಕಿಯ ಬೆನ್ನ ಹಿಂದೆ ನಿಂತು ಅವಳು ಬೆರಳೆತ್ತಿದರೆ ಎಡಗಡೆ ಕಡಿಮೆ, ಅಂಗೈ ತೋರಿಸಿದರೆ ಎಲ್ಲ ಸರಿ. ಅಂಗಡಿ ಹಾಗೇ ನಡೆದುಕೊಂಡು ಹೋಗುತ್ತಿತ್ತು. ಈ ದಿನ ನೋಡಿ, ಅವಳು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು.

ಮಧ್ಯಾಹ್ನ ಅವಳು ದವಡೆಯಲ್ಲಿ ಹತ್ತಿ ಕಚ್ಚಿಕೊಂಡು ಬರುವಷ್ಟರಲ್ಲಿ ಹೊಸ ಸ್ಪೀಕರುಗಳು ಬಾಗಿಲೊಳಗೆ ಕೂತಿದ್ದವು. ಹಳೆಯವು ಮೇಜಿನ ಮೇಲಿದ್ದವು. “ನೋಡಿಲ್ಲಿ, ಕಂಪನಿ ಅಲಾರಂ. ಪೂರ್ತಿ ಸತ್ತು ಹೋಗಿದೆ,” ಎನ್ನುತ್ತ ಮೇಸ್ತ್ರಿ ಅದರ ವೈರುಗಳನ್ನು ಬ್ಯಾಟರಿಗೆ ತಾಗಿಸಿದ. ಹೆಂಡತಿ ಬೆಚ್ಚಿಬಿದ್ದು ವೈರು ಕಿತ್ತೆಸೆದಳು. ಹತ್ತಿಯೂ ಹೊರಗೆ ಬಂತು.

“ರೀ, ಇದೆಲ್ಲಿ ಸತ್ತಿದೆ? ಪ್ರಾಣ ಹೋಗೋ ಹಾಗೆ ಕೂಗ್ತಿದೆಯಲ್ರೀ!”

ಮೇಸ್ತ್ರಿ ಹಳೆಯ ಸ್ಪೀಕರುಗಳನ್ನೂ ಒಂದೊಂದಾಗಿ ಹಚ್ಚಿ ನೋಡಿದ. ಅವಳು ಒಂದೊಂದಕ್ಕೂ ಅಂಗೈ ತೋರಿಸಿದಳು. ಗಿರಾಕಿಯ ಕೆಡದ ಸಾಮಾನನ್ನು ಕೆಟ್ಟಿದೆ ಅಂತ ಬಿಚ್ಚಿದ್ದು ಮೂವತ್ತು ವರ್ಷದಲ್ಲಿ ಇದೇ ಮೊದಲು. ನಾಚಿಕೆಯಿಂದ ಹಿಡಿಯಷ್ಟಾದ.

“ಇದ್ದದ್ದು ಇದ್ದ ಹಾಗೆ ಅವರಿಗೆ ಹೇಳಿಬಿಡ್ತೀನಿ ಕಣೇ.”

“ಹೇಳಿ! ಕಿವಿ ಕೇಳಿಸದವನ ಹತ್ರ ಸ್ಪೀಕರ್ ಹಾಕಿಸ್ಕೊಳ್ಳೋಕೆ ನಾಳೆ ಯಾವ ಪುಣ್ಯಾತ್ಮ ಬರ್ತಾನೋ ನೋಡೋಣ. ಅಂಗಡಿಗೆ ಬೀಗ ಹಾಕಿ ಇಬ್ರೂ ಮನೇಲಿ ಮುಖ ಮುಖ ನೋಡ್ಕೊಂಡು ಕೂರೋಣ.”

ಅವಳ ಮಾತಿನಲ್ಲಿ ತಪ್ಪೇನಿತ್ತು? ಮೇಸ್ತ್ರಿ ಇದ್ದುದರಲ್ಲಿ ದಪ್ಪ ದನಿಯ ಹೊಸ ಅಲಾರಂ ಕೂರಿಸಿದ.

ಸಂಜೆ ಯಜಮಾನರು ಬಂದರು. ಸೀಟಿಗೆ ಒರಗಿ, ಅದೇ ಹಾಡು ಹಾಕಿ ಕಣ್ಣು ಮುಚ್ಚಿದರು. ಮೊದಲ ಸಾಲು ಮುಗಿಯುವ ಮುಂಚೆಯೇ ತೊಡೆ ತಟ್ಟಿದರು. “ಬಂತು! ಬಂತು ನೋಡಯ್ಯಾ ಕೊಳಲು! ಆಹಾ, ಏನು ಸ್ಪಷ್ಟ!”

ಪಕ್ಕದ ಸೀಟಿನಲ್ಲಿದ್ದ ಮೇಸ್ತ್ರಿ ಗಾಜಿನಾಚೆ ನಿಂತಿದ್ದ ಹೆಂಡತಿಯತ್ತ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿ, ತನ್ನ ಗಂಟಲು ಮುಟ್ಟಿ ತೋರಿಸಿದಳು. ಇನ್ನೂ ಗಾಯಕನದೇ ದನಿ, ಕೊಳಲು ಶುರುವೇ ಆಗಿರಲಿಲ್ಲ. ಬಾರದ ಕೊಳಲಿಗೆ ಯಜಮಾನರು ಸ್ಟಿಯರಿಂಗಿನ ಮೇಲೆ ಬೆರಳಾಡಿಸುತ್ತಿದ್ದರು. ರೆಪ್ಪೆಯ ಅಂಚು ಒದ್ದೆಯಾಗಿತ್ತು. ಎರಡು ವರ್ಷದ ಹಿಂದೆ ಮನೆಯ ರೇಡಿಯೋ ಕೆಟ್ಟಿದೆಯೆಂದು ಮೂರು ಸಲ ಬಿಚ್ಚಿ ಜೋಡಿಸಿದ್ದು ಮೇಸ್ತ್ರಿಗೆ ನೆನಪಾಯಿತು. ಪಾಪ ಅನ್ನಿಸಿತು, ಅವರ ಬಗ್ಗೆಯೂ, ತನ್ನ ಬಗ್ಗೆಯೂ.

“ಎಲ್ಲಿ, ಅಲಾರಂ ನೋಡೋಣ,” ಎಂದು ಯಜಮಾನರು ಮೇಸ್ತ್ರಿಯನ್ನೂ ಇಳಿಸಿ ಕಾರಿಗೆ ಬೀಗ ಹಾಕಿದರು. ಮೇಸ್ತ್ರಿ ಬಾನೆಟ್ಟಿಗೆ ಒಂದೇಟು ಕೊಟ್ಟ. ಹೊಸ ಅಲಾರಂ ಕೂಗಿತು. ಮೇಸ್ತ್ರಿಗೆ ಅದು ಎಲ್ಲೋ ನಾಲ್ಕು ಬೀದಿ ಆಚೆ ಕೂಗಿದ ಹಾಗಿತ್ತು.

“ಸ್ವಲ್ಪ ಮೆತ್ತಗಾಯ್ತು,” ಎಂದರು ಯಜಮಾನರು. “ಇರಲಿ, ಪರವಾಗಿಲ್ಲ.”

ಇನ್ನು ತಡೆಯಲಾಗಲಿಲ್ಲ. ಮೇಸ್ತ್ರಿ ಅವರ ಮುಖಕ್ಕೆ ಮುಖ ಕೊಟ್ಟು ನಿಂತ. “ಸಾರ್, ನಿಮ್ಮ ಹಳೇದು ಎರಡೂ ಚೆನ್ನಾಗೇ ಇದ್ವು. ಕೆಟ್ಟಿರೋದು ನನ್ನ ಕಿವಿ, ಎರಡು ವರ್ಷ ಆಯ್ತು. ನನಗೆ ಕೇಳಿಸದೇ ಇದ್ದದ್ದು ನಿಮಗೂ ಕೇಳಿಸಲಿಲ್ಲ. ಹಳೇದನ್ನೇ ಹಾಕಿಕೊಡ್ತೀನಿ. ಅಮ್ಮಾವ್ರು ಹೇಳಿದ ಹಾಗೆ ಒಂದ್ಸಲ ತೋರಿಸ್ಕೊಳ್ಳಿ ಸಾರ್.”

ಯಜಮಾನರ ಮುಖ ಬಿಳಿಚಿಕೊಂಡಿತು. ಅತ್ತ ಇತ್ತ ನೋಡಿ, ಮೇಸ್ತ್ರಿಯ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

“ಮೆಲ್ಲಗೆ ಹೇಳಯ್ಯಾ, ಜನ ಕೇಳಿಸ್ಕೊಂಡಾರು.”

ಅಲಾರಂ ಇನ್ನೂ ಅರಚುತ್ತಲೇ ಇತ್ತು. ಮೇಸ್ತ್ರಿಯ ಹೆಂಡತಿ, ಎದುರು ಅಂಗಡಿಯವರು, ದಾರಿಯಲ್ಲಿ ಹೋಗುತ್ತಿದ್ದವರು, ಬೀದಿಗೆ ಬೀದಿಯೇ ಎರಡೂ ಕಿವಿ ಮುಚ್ಚಿಕೊಂಡು ಅವರಿಬ್ಬರನ್ನೇ ನೋಡುತ್ತಿತ್ತು.