ನಾಲ್ಕು ಪದಗಳ ಪಂಚಾಯಿತಿ

"ಇವು ತುರ್ಕಿ ಪದಗಳು ಅಂತ ಬರೆದು ಒಂದು ಸಹಿ ಹಾಕಿ, ಮೇಷ್ಟ್ರೇ. ಊಟದ ಹೊತ್ತಾಯ್ತು" ಎಂದು ಠಾಣೆಯ ಅಧಿಕಾರಿ ದೊಬ್ರೆವ್ ಚೀಟಿಯೊಂದನ್ನು ಮುಂದಕ್ಕೆ ತಳ್ಳಿದ.

ಚೀಟಿಯಲ್ಲಿದ್ದದ್ದು ನಾಲ್ಕೇ ಪದ. ತೆಂಜೆರೆ, ಚೊರಾಪ್, ಚಾಂತಾ, ಜೆಪ್. ಅಂದರೆ ಪಾತ್ರೆ, ಕಾಲುಚೀಲ, ಕೈಚೀಲ, ಜೇಬು. ಮುದುಕಿ ಜೆಕಿಯೆ ಅಂಗಡಿಯಲ್ಲಿ ತಂಗಿಯ ಜೊತೆ ಆಡಿದ ಮಾತನ್ನು ಯಾರೋ ಪುಣ್ಯಾತ್ಮರು ಬರೆದು ತಂದುಕೊಟ್ಟಿದ್ದರು. ಆ ವರ್ಷ ಬಲ್ಗೇರಿಯದಲ್ಲಿ ನಾಲ್ಕು ಜನರೆದುರು ತುರ್ಕಿ ಮಾತಾಡುವುದೇ ಅಪರಾಧ. ತುರ್ಕರ ಹೆಸರುಗಳನ್ನೂ ಬದಲಿಸಿಬಿಟ್ಟಿದ್ದರು. ಕಾಗದದ ಮೇಲೆ ಜೆಕಿಯೆ ಈಗ ಜ್ಲಾತ್ಕಾ.

ಸಹಿ ಬಿದ್ದರೆ ನಾಳೆಯೇ ಅವಳನ್ನು ದೇಶದ ಇನ್ನೊಂದು ತುದಿಯ ಹಳ್ಳಿಗೆ ಅಟ್ಟುತ್ತಾರೆ. ಬೀಳದಿದ್ದರೆ ಮೇಷ್ಟರ ಕೆಲಸದ ಗತಿಯೇನು? ಭಾಷೆಯ ಮೇಷ್ಟರು ಲ್ಯುಬೆನ್ ಧೈರ್ಯಸ್ಥರೇನಲ್ಲ. ಮುಖ್ಯೋಪಾಧ್ಯಾಯರು ಕೆಮ್ಮಿದರೆ ಎದ್ದು ನಿಲ್ಲುವ ಪೈಕಿ. ಎದುರಿನ ಬೆಂಚಿನಲ್ಲಿ ತುಟಿ ಬಿಗಿಹಿಡಿದು ಕೂತಿದ್ದ ಮುದುಕಿ ಇಪ್ಪತ್ತು ವರ್ಷ ಅವರ ಶಾಲೆಯ ಕಸ ಗುಡಿಸಿದವಳು. ಅವರಿಗೆ ಅವಳ ಕಡೆ ನೋಡಲಾಗಲಿಲ್ಲ.

"ಇವೆಲ್ಲ ನಮ್ಮ ಮಾತಲ್ಲೂ ಇದಾವಲ್ಲ, ಸಾಹೇಬ್ರೇ" ಎಂದರು ಮೆಲ್ಲಗೆ. "ಅವರು ತೆಂಜೆರೆ ಅಂತಾರೆ, ನಾವು ತೆಂಜೆರಾ. ಅವರದು ಜೆಪ್, ನಮ್ಮದು ಜೋಬ್. ಚಾಂತಾ ಅಂತೂ ಇಬ್ಬರಿಗೂ ಚಾಂತಾನೇ."

"ಅಂದ್ರೆ ಎರಡು ಭಾಷೇನೂ ಅಕ್ಕತಂಗೀರು ಅಂತೀರಾ?" ದೊಬ್ರೆವ್ ಮೇಷ್ಟರೇ ತಂದಿದ್ದ ನಿಘಂಟನ್ನು ಎಳೆದುಕೊಂಡು ಪುಟ ತಿರುವಿದ. "ಇಲ್ನೋಡಿ, ಪದದ ಪಕ್ಕ 'ತುರ್' ಅಂತಿದೆ. ಏನು ಹಾಗಂದ್ರೆ?"

"ತುರ್ಕಿಯಿಂದ ಬಂದದ್ದು ಅಂತ."

"ಮತ್ತಿನ್ನೇನು? ಬರೀರಿ."

ಮೇಷ್ಟರು ಪೆನ್ನು ತೆಗೆದರು. ಸುಳ್ಳೇಕೆ, ಬರೆದುಕೊಡುವುದಕ್ಕೇ ತೆಗೆದರು. ಆದರೆ ಚೀಟಿಯ ಅಡಿಯಲ್ಲಿದ್ದ ಇನ್ನೊಂದು ಹಾಳೆಯಲ್ಲಿ ಇದೇ ಪ್ರಕರಣದ ಬಗ್ಗೆ ದೊಬ್ರೆವ್ ಬರೆದ ವರದಿಯಿತ್ತು. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ ಮಾತು ಕೇಳಲಿಲ್ಲ. ಮೊದಲ ಸಾಲಿನಲ್ಲೇ ಸಿಕ್ಕ 'ದುಕ್ಯಾನ್', ಅಂದರೆ ಅಂಗಡಿ, ಎಂಬ ಪದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ತುರ್' ಎಂದು ಬರೆದೇಬಿಟ್ಟಿತು.

"ಏನ್ರೀ ಮಾಡ್ತಿದೀರಿ ನೀವು?"

"ತಪ್ಪಾಯ್ತು, ಸಾಹೇಬ್ರೇ. ಹಾಳು ಅಭ್ಯಾಸ." ಮೇಷ್ಟರು ಪೆನ್ನು ಕೆಳಗಿಟ್ಟರು. "ನೀವು ಅಂಗಡಿ ಅನ್ನೋದಕ್ಕೆ ಬರೆದಿರೋ ಪದ, ಗಾಜು ಅನ್ನೋದಕ್ಕೆ ಬರೆದಿರೋ ಪದ, ಅವೂ ಅಲ್ಲಿಂದ ಬಂದವೇ. ಕೆಳಗೆ ಇನ್ನೂ ಮೂರಿದಾವೆ."

ದೊಬ್ರೆವ್ ಬಾಗಿಲ ಕಡೆ ನೋಡಿದ. ಆ ವರದಿ ಸಂಜೆಯೊಳಗೆ ಮೇಲಿನವರ ಕೈ ಸೇರಬೇಕಿತ್ತು, ಅವನದೇ ಸಹಿಯೊಡನೆ. ಮುದುಕಿಯ ನಾಲ್ಕು ಪದ ಅಪರಾಧವಾದರೆ ಅವನ ಪದಗಳೂ ಅಪರಾಧವೇ. ವರದಿ, ಚೀಟಿ ಎರಡನ್ನೂ ಸೇರಿಸಿ ಹರಿದು ಒಲೆಗೆ ಹಾಕಿದ.

"ಮುದುಕಿ ಮನೆಗೆ ಹೋಗಲಿ. ನೀವು ಇವತ್ತು ಇಲ್ಲಿಗೆ ಬಂದೇ ಇಲ್ಲ, ತಿಳೀತಾ?"

ಜೆಕಿಯೆ ಎದ್ದಳು, ಆದರೆ ಹೋಗಲಿಲ್ಲ. ಜಪ್ತಿ ಮಾಡಿದ್ದ ಅವಳ ಕೈಚೀಲ ಮೇಜಿನ ಮೇಲೇ ಇತ್ತು. ಕೇಳಲೆಂದು ಬಾಯಿ ತೆರೆದವಳು ಇಬ್ಬರ ಮುಖವನ್ನೂ ನೋಡಿ ಮುಚ್ಚಿಕೊಂಡಳು.

"ಇನ್ನೂ ಯಾಕೆ ನಿಂತಿದೀಯ? ತಗೊಂಡು ಹೋಗು ನಿನ್ನ..." ಎಂದ ದೊಬ್ರೆವ್ ಅಲ್ಲಿಗೇ ಮಾತು ನಿಲ್ಲಿಸಿದ.

ಮುದುಕಿ ಚೀಲದ ಕಡೆ ಬೆರಳು ತೋರಿಸಿದಳು. ಅವನೂ ಬೆರಳನ್ನೇ ತೋರಿಸಿದ.